ಅಲೆ, ಬೆಳಕು, ಶಬ್ದ: ಪರಿಭಾಷೆಯ ಚರಿತ್ರೆಯಿಂದ ಒಂದು ಪ್ರಕರಣ

ತುಮಕೂರು ತಾಲ್ಲೂಕಿನ ವಸಂತನರಸಾಪುರವು ಇಂದು ಕೈಗಾರಿಕೆಗಳಿಂದ ಹೆಸರಾಗಿದೆ. ಅದೇ ತಾಲ್ಲೂಕಿನ ಬೆಳ್ಳಾವೆಯು ಕನ್ನಡ ಭೌತವಿಜ್ಞಾನದ ಚರಿತ್ರೆಯಲ್ಲಿ ನೆನೆಯಬೇಕಾದ ಊರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು (1872–1943) ಅಲ್ಲಿಯವರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ ಅವರು 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಪಂಪಭಾರತವನ್ನು ಸಂಪಾದಿಸಿದವರೂ ಇವರೇ. ಭೌತವಿಜ್ಞಾನದ ಅಧ್ಯಾಪಕರೊಬ್ಬರು ಹಳಗನ್ನಡ ವ್ಯಾಕರಣದಲ್ಲಿಯೂ ನಿಷ್ಣಾತರಾಗಿದ್ದುದನ್ನು ಕೇವಲ ವೈಯಕ್ತಿಕ ಅಭಿರುಚಿಯೆಂದು ತಳ್ಳಿಹಾಕಲಾಗದು. ನಮ್ಮ ಪರಿಭಾಷೆಯ ರೂಪವನ್ನು ಪ್ರಯೋಗಶಾಲೆಯಷ್ಟೇ ವ್ಯಾಕರಣವೂ ನಿರ್ಣಯಿಸಿದೆಯೆಂದು ನಮಗೆ ತೋರುತ್ತದೆ.

‘ಅಲೆ’ ಎಂಬ ಅಚ್ಚಗನ್ನಡದ ಮಾತಿರುವಾಗ ‘ತರಂಗ’ವೇಕೆ? ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದರೆ ಅರಿಸಮಾಸವಾಗುತ್ತದೆ. ಕವಿರಾಜಮಾರ್ಗದ ಕಾಲದಿಂದಲೂ ಅದು ದೋಷವೆಂದೇ ಎಣಿಕೆ. ಕೇಶಿರಾಜನು ಕೆಲವು ಅಪವಾದಗಳನ್ನು ಒಪ್ಪಿದನೇ ಹೊರತು ನಿಯಮವನ್ನು ಸಡಿಲಿಸಲಿಲ್ಲ. ‘ಅಲೆಯುದ್ದ’ ಎನ್ನಲು ಅಡ್ಡಿಯಿಲ್ಲ. ಆದರೆ ‘ವಿದ್ಯುತ್ಕಾಂತ’ದ ಮುಂದೆ ‘ಅಲೆ’ಯನ್ನು ನಿಲ್ಲಿಸಲು ಸಂಪ್ರದಾಯಜ್ಞನ ಕೈ ಹಿಂಜರಿಯುತ್ತದೆ. ಹೀಗೆಯೇ ‘ಬೆಳಕು’ ಬಿಡಿಮಾತಾಗಿ ಉಳಿಯಿತು, ಸಮಾಸದಲ್ಲಿ ‘ದ್ಯುತಿ’ ಬಂದಿತು. ವಿದ್ಯಾರ್ಥಿಯು ಒಂದೇ ವಸ್ತುವಿಗೆ ಎರಡು ಹೆಸರುಗಳನ್ನು ಕಲಿಯಬೇಕಾದ ಕಷ್ಟಕ್ಕೆ ಮೂಲ ಇಲ್ಲಿದೆ.

ಪದದೊಡನೆ ಹಳೆಯ ಅರ್ಥವೂ ಬರುವುದು ಇದಕ್ಕಿಂತ ಗಹನವಾದ ವಿಷಯ. ‘ಅಲೆ’ ಎಂಬ ಧಾತುವಿಗೆ ತಿರುಗಾಡು ಎಂಬ ಅರ್ಥವುಂಟು. ಆದರೆ ಗಾಳಿ ಬೀಸಿದಾಗ ರಾಗಿಯ ಹೊಲದ ಮೇಲೆ ಅಲೆ ಹಾಯುತ್ತದೆ; ತೆನೆ ನಿಂತಲ್ಲಿಯೇ ತೂಗುತ್ತದೆ. ತುಮಕೂರು ಸೀಮೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡ. ‘ಶಬ್ದ’ದ ತೊಡಕಾದರೋ ಇನ್ನೂ ಹೆಚ್ಚು. ವೈಯಾಕರಣನಿಗೆ ಅದು ಪದ. ನೈಯಾಯಿಕನಿಗೆ ಆಕಾಶದ ಗುಣ. 13ನೆಯ ಶತಮಾನದ ಕೇಶಿರಾಜನಿಗೆ ಅದು ನಾಭಿಮೂಲದಲ್ಲಿ ಕಹಳೆಯ ಪರಿಯಲ್ಲಿ ಹುಟ್ಟುವ ದ್ರವ್ಯದ ಕಾರ್ಯ. ಆ ದ್ರವ್ಯಕ್ಕೆ ಆತನು ಬಿಳಿಯ ಬಣ್ಣವನ್ನೂ ಹೇಳಿದ್ದಾನೆ! ಶಬ್ದವು ನೀರಿನ ತೆರೆಯಂತೆ ಒಂದರಿಂದೊಂದು ಹುಟ್ಟಿ ಹರಡುವುದೆಂಬ ‘ವೀಚೀತರಂಗನ್ಯಾಯ’ವು ನೈಯಾಯಿಕರಲ್ಲಿ ಪ್ರಸಿದ್ಧ. ಇದನ್ನು ಕಂಡು ನಮ್ಮ ಪೂರ್ವಿಕರಿಗೆ ಶಬ್ದತರಂಗ ತಿಳಿದಿತ್ತೆಂದು ಸಂಭ್ರಮಿಸುವವರುಂಟು. ನಾವು ಒಪ್ಪಲಾರೆವು. ವಾಯುವಿನ ಕಣಗಳು ಒತ್ತೊತ್ತಾಗಿ ವಿರಳವಾಗುತ್ತ, ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಕೆಂಡಿಗೆ 343 ಮೀಟರಿನಂತೆ ಕಂಪನವನ್ನು ಸಾಗಿಸುತ್ತವೆಂಬ ಅಳತೆ ಆ ನ್ಯಾಯದಲ್ಲಿಲ್ಲ. ಬೆಳಕಿಗಾದರೆ ಮಾಧ್ಯಮವೇ ಬೇಕಿಲ್ಲ. ಎರಡಕ್ಕೂ ‘ತರಂಗ’ವೆಂಬ ಒಂದೇ ಹೆಸರನ್ನಿಟ್ಟಾಗ ಈ ಭೇದವನ್ನು ಅಧ್ಯಾಪಕನು ಬಾಯಿಬಿಟ್ಟು ಹೇಳಲೇಬೇಕು.

ಹಳೆಯ ಅರ್ಥವು ನೆರವಾದ ಸಂದರ್ಭಗಳೂ ಇವೆ. ‘ಮಸೂರ’ವೆಂದರೆ ಚನ್ನಂಗಿ; ಲ್ಯಾಟಿನ್ನಿನ ‘ಲೆನ್ಸ್’ ಸಹ ಅದೇ ಬೇಳೆಯ ಹೆಸರು. ಪಟ್ಟಕದಿಂದ ಹೊರಬಿದ್ದ ಬಣ್ಣಗಳ ಸಾಲಿಗೆ ಕನ್ನಡದಲ್ಲಿ ‘ರೋಹಿತ’ವೆಂಬ ಹೆಸರು ನಿಂತಿದೆ. ಅಮರಕೋಶದಲ್ಲಿ ಬಾಗಿರದ, ನೆಟ್ಟಗಿರುವ ಇಂದ್ರಧನುಸ್ಸಿಗೆ ಈ ಹೆಸರುಂಟು. ಇಷ್ಟು ಒಪ್ಪುವ ಪದ ದೊರೆಯುವುದು ಅಪರೂಪ. ಇತ್ತ 1928ರ ರಾಮನ್ ಪರಿಣಾಮವನ್ನು ವಿವರಿಸುವಾಗ ನಮ್ಮವರು ‘ಚದುರಿಕೆ’ ಎಂಬ ಮನೆಮಾತನ್ನೇ ಹಿಡಿದರು. ಅದರಿಂದ ಶಾಸ್ತ್ರಕ್ಕೆ ಯಾವ ಊನವೂ ಬಂದಿಲ್ಲ.