ಸಕಲೇಶಪುರ–ಆಲೂರು: ಚುನಾವಣೆ ಕಾಣದ ಪಂಚಾಯಿತಿಗಳು

ಹಾಸನ ಜಿಲ್ಲೆಯ ಈ ಎರಡು ಮಲೆಸೀಮೆ ತಾಲ್ಲೂಕುಗಳಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷ ತುಂಬುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದ 243–ಇ ವಿಧಿ ಹೇಳುತ್ತದೆ. ಆದರೆ 2021ರಲ್ಲೇ ರಾಜ್ಯ ಸರ್ಕಾರ ಪಂಚಾಯತ್ ರಾಜ್ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೊಂದು ಆಯೋಗಕ್ಕೆ ಕೊಟ್ಟಿತು. ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವಾಯಿದೆ ಎನ್ನುತ್ತ 2024 ಕೂಡ ಕಳೆಯಿತು. ನಡುವೆ ಸರ್ಕಾರ ಬದಲಾದರೂ ಚುನಾವಣೆ ಬರಲಿಲ್ಲ. ಈ ಅವಧಿಯಲ್ಲಿ ಎರಡೂ ತಾಲ್ಲೂಕು ಪಂಚಾಯಿತಿಗಳನ್ನು ನಡೆಸಿದವರು ಆಡಳಿತಾಧಿಕಾರಿಗಳು. 1987ರಲ್ಲೇ, ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, ಜಿಲ್ಲಾ ಪರಿಷತ್ತಿಗೆ ಮತ ಹಾಕಿಸಿ ದೇಶಕ್ಕೆ ದಾರಿ ತೋರಿದ ರಾಜ್ಯವಿದು!

ಪ್ರಜಾಪ್ರಭುತ್ವ ಸವೆಯಲು ದಂಗೆಯೇ ಆಗಬೇಕಿಲ್ಲ. ರಾತ್ರಿ ಕಾಡಾನೆ ಗದ್ದೆಗಿಳಿದು ಭತ್ತ ತುಳಿದರೆ, ಬಗನಿ ಮರ ಸೀಳಿದರೆ, ಬೆಳಿಗ್ಗೆ ಅರ್ಜಿ ಹಿಡಿದ ರೈತನಿಗೆ ಗ್ರಾಮ ಪಂಚಾಯಿತಿ ದಾಟಿದರೆ ಶಾಸಕರ ಮನೆಯೊಂದೇ ಚುನಾಯಿತ ಬಾಗಿಲಾಗಿತ್ತು. ಹಕ್ಕು ಕೃಪೆಯಾಗುವುದು ಹೀಗೆ. ಒಬ್ಬ ನಾಯಕನನ್ನೇ ಜನರ ದನಿಯೆಂದು ಮೆರೆಸುವ ಜನರಂಜಕ ರಾಜಕಾರಣಕ್ಕೆ ಇದು ಹದವಾದ ನೆಲ. ಈ ಅವಧಿಯಲ್ಲಿ ಎರಡೂ ತಾಲ್ಲೂಕು ಪಂಚಾಯಿತಿಗಳನ್ನು ನಡೆಸಿದವರು ಆಡಳಿತಾಧಿಕಾರಿಗಳು.