ಯೋಸೇಫನ ಅಂಗಿ

ಭಟ್ಕಳದ ಶಾಲೆಯೊಂದಕ್ಕೆ ನಾನು ಶಿಕ್ಷಕಿಯಾಗಿ ಸೇರಿದ ಹೊಸತು, 1996ರ ಮಳೆಗಾಲ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಾಠ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಪುಸ್ತಕ ಮುಚ್ಚಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಬೈಬಲಿನಲ್ಲಿ ಓದಿದ್ದ ಯೋಸೇಫನ ಕಥೆ ಹೇಳಿದೆ. ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ಅವನನ್ನು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದರು. ಐಗುಪ್ತದಲ್ಲಿ ಪೋಟೀಫರನ ಮನೆಯ ಆಳಾದ. ಒಡತಿ ತಪ್ಪುದಾರಿಗೆ ಎಳೆದಾಗ, ಒಡೆಯ ತನ್ನ ಮನೆಯನ್ನೆಲ್ಲ ನನ್ನ ಕೈಗೆ ಒಪ್ಪಿಸಿದ್ದಾನೆ, ದ್ರೋಹ ಹೇಗೆ ಮಾಡಲಿ ಎಂದು ಓಡಿದ. ಅಂಗಿ ಅವಳ ಕೈಯಲ್ಲಿ ಉಳಿಯಿತು. ಅದನ್ನೇ ಸಾಕ್ಷಿ ಮಾಡಿ ಅವನನ್ನು ಸೆರೆಮನೆಗೆ ತಳ್ಳಿದರು.

"ಅಕ್ಕೋರೆ, ಇದು ನಮ್ಮ ಯೂಸುಫ್ ನಬಿಯ ಕಥೆ!" ಎಂದಳು ನವಾಯತರ ಹುಡುಗಿಯೊಬ್ಬಳು. "ನಮ್ಮದರಲ್ಲಿ ಅಂಗಿ ಹಿಂದುಗಡೆ ಹರಿದಿತ್ತು. ಅದಕ್ಕೇ ಅವರು ತಪ್ಪಿಸಿಕೊಂಡು ಓಡುತ್ತಿದ್ದರು ಅಂತ ಗೊತ್ತಾಯ್ತು."

ಕುರಾನಿನ ಹನ್ನೆರಡನೆಯ ಅಧ್ಯಾಯದಲ್ಲಿ ಈ ಕಥೆ ಇದೆ. ಅಲ್ಲಿ ಅಂಗಿಯೇ ಯೂಸುಫನ ಪರ ಸಾಕ್ಷಿ ಹೇಳುತ್ತದೆ. ಆದರೂ ಸೆರೆವಾಸ ತಪ್ಪುವುದಿಲ್ಲ.

ಆ ಹುಡುಗಿಯ ಜ್ಞಾನ ನನಗೆ ಬೆರಗಾಗಿತ್ತು. ಆದರೆ ಈ ಕರಾವಳಿಯಲ್ಲಿ ಅದು ಹೊಸದಲ್ಲ. 1340ರ ದಶಕದಲ್ಲಿ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದುವೆಂದೂ, ಅಲ್ಲಿಯ ಹೆಂಗಸರಿಗೆ ಕುರಾನ್ ಬಾಯಿಪಾಠವಾಗಿತ್ತೆಂದೂ, ಇಂಥದನ್ನು ಬೇರೆಲ್ಲೂ ಕಂಡಿಲ್ಲವೆಂದೂ ಬರೆದಿಟ್ಟಿದ್ದಾನೆ. ಇಡೀ ಬೈಬಲ್ ಕನ್ನಡದಲ್ಲಿ ಬಳ್ಳಾರಿಯಲ್ಲಿ ಅಚ್ಚಾದದ್ದು 1831ರಲ್ಲಿ. ಅದಕ್ಕೆ ಸುಮಾರು ಐದು ಶತಮಾನ ಮೊದಲೇ ಶರಾವತಿಯ ದಡದ ಹೆಣ್ಣುಮಕ್ಕಳ ನಾಲಿಗೆಯ ಮೇಲೆ ಈ ಕಥೆ ಇತ್ತು!

ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು 'ಒಪ್ಪಿಸಿದ್ದಾನೆ' ಎಂಬುದು. ಕುಮಟಾದಲ್ಲಿ ನನ್ನ ತಂದೆ ದಿನಸಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದರು. ಬೀಗದ ಕೈ ಅವರ ಬಳಿಯೇ. ಮನೆಗೆ ಒಂದು ತಂಬಿಗೆ ಜೋನಿ ಬೆಲ್ಲ ತಂದರೂ ಮೊದಲು ತಮ್ಮ ಹೆಸರಿಗೆ ಲೆಕ್ಕ ಬರೆಯುತ್ತಿದ್ದರು. "ನಂಬಿ ಒಪ್ಪಿಸಿದ್ದಾರೆ ಮಗಳೆ" ಎನ್ನುವರು, ಅಷ್ಟೆ.

ಅಂಥವರ ಮಗಳು ನಾನು. ಆ ವರ್ಷದ ವಾರ್ಷಿಕ ಪರೀಕ್ಷೆಯ ದಿನ ನನ್ನ ಮೇಲ್ವಿಚಾರಣೆಯ ಕೋಣೆಯಲ್ಲಿ, ನಮ್ಮ ನೆಂಟರ ಹುಡುಗಿ ಲಂಗದ ಮಡಿಕೆಯಿಂದ ಚೀಟಿ ತೆಗೆದಳು. ಕಂಡೆ. ಅವಳ ತಾಯಿ ನನ್ನ ಕಷ್ಟದಲ್ಲಿ ಬೆನ್ನಿಗೆ ನಿಂತವಳು. ಕಿಟಕಿಯತ್ತ ಮುಖ ತಿರುಗಿಸಿದೆ. ಮತ್ತೆ ಈಚೆ ತಿರುಗಿದಾಗ, ಅಂಗಿಯ ಕಥೆ ಹೇಳಿದ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಏನೂ ಅನ್ನದೆ ತಲೆ ತಗ್ಗಿಸಿ ಬರೆಯತೊಡಗಿದಳು.

ನಮ್ಮವರ ತಪ್ಪನ್ನು ಸೆರಗಿನಲ್ಲಿ ಮುಚ್ಚುವುದೇ ನಿಷ್ಠೆ ಎಂದು ನಮಗೆ, ಅದರಲ್ಲೂ ಹೆಂಗಸರಿಗೆ, ಚಿಕ್ಕಂದಿನಿಂದ ಕಲಿಸಿರುತ್ತಾರೆ. ಯೋಸೇಫ ಒಡತಿಯ ಮಾತು ಮೀರಿದ್ದು ನಿಷ್ಠೆ ಇಲ್ಲದೆ ಅಲ್ಲ. ಒಡೆಯ ಇಟ್ಟ ನಂಬಿಕೆಗೆ ನಿಷ್ಠನಾಗಿದ್ದರಿಂದ. ನನಗೂ ಒಂದು ಕೋಣೆ ತುಂಬ ಮಕ್ಕಳನ್ನು ಒಪ್ಪಿಸಿದ್ದರು. ನಾನು ಒಬ್ಬಳನ್ನು ಉಳಿಸಿ ಮಿಕ್ಕವರನ್ನು ಮಾರಿದೆ.

ಆಮೇಲೆ ಕಥೆಯನ್ನು ಮತ್ತೆ ಓದಿದೆ. ಮೊದಲ ಸಲ ಗಮನಿಸದೆ ದಾಟಿದ್ದ ಯೆಹೂದ ಆಗ ಕಣ್ಣಿಗೆ ಬಿದ್ದ. ತಮ್ಮನನ್ನು ಮಾರೋಣವೆಂದು ಸೂಚಿಸಿದವನೇ ಅವನು. ವರ್ಷಗಳ ಮೇಲೆ ಬರಗಾಲದಲ್ಲಿ ಧಾನ್ಯಕ್ಕಾಗಿ ಐಗುಪ್ತಕ್ಕೆ ಹೋದಾಗ, ಕಿರಿಯ ತಮ್ಮ ಬೆನ್ಯಾಮೀನನ ಮೇಲೆ ಕಳವಿನ ಆರೋಪ ಬಂತು. ಅದನ್ನು ಹೂಡಿದವನು ಅಲ್ಲಿ ಅಧಿಕಾರಿಯಾಗಿದ್ದ ಯೋಸೇಫನೇ. ಅದು ತಿಳಿಯದ ಯೆಹೂದ, ಇವನಿಗಾಗಿ ತಂದೆಯ ಬಳಿ ಹೊಣೆ ಹೊತ್ತು ಬಂದಿದ್ದೇನೆ, ಇವನ ಬದಲು ನನ್ನನ್ನು ಆಳಾಗಿ ಇಟ್ಟುಕೊಳ್ಳಿ ಎಂದು ಬೇಡಿದ. ಆಗ ಯೋಸೇಫ ತಡೆಯಲಾರದೆ ಅತ್ತು, ನಾನೇ ನಿಮ್ಮ ತಮ್ಮ ಎಂದ.

ಮರುವರ್ಷ ಪರೀಕ್ಷೆಗೆ ಮುಂಚೆ ಮುಖ್ಯೋಪಾಧ್ಯಾಯರಲ್ಲಿಗೆ ಹೋಗಿ, ನೆಂಟರ ಮಗಳಿರುವ ಕೋಣೆ ನನಗೆ ಬೇಡವೆಂದೆ. ಕಾರಣ ಕೇಳಿದರು. ಹಿಂದಿನ ವರ್ಷದ್ದನ್ನೂ ಮುಚ್ಚಿಡದೆ ಹೇಳಿದೆ. ಸುದ್ದಿ ಮುಟ್ಟಿ ನೆಂಟರು ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ.

ಆ ನವಾಯತ ಹುಡುಗಿ ಆಗ ಮೇಲಿನ ತರಗತಿಯಲ್ಲಿದ್ದಳು. ಮಳೆಗಾಲದಲ್ಲಿ ಅವಳ ತರಗತಿಗೆ ಹೋಗಿ ಯೋಸೇಫನ ಕಥೆಯನ್ನು ಇನ್ನೊಮ್ಮೆ ಹೇಳಿದೆ, ಯೆಹೂದನ ಭಾಗವನ್ನು ಬಿಡದೆ.