ಕತ್ತಲ ರಾತ್ರಿಯ ಹಾಡು, ಹೆಜ್ಜೆ ಮತ್ತು ನಮ್ಮ ಹೊಣೆ



ಮೊಹರಂ ತಿಂಗಳ ಒಂಬತ್ತನೆಯ ದಿನದ ರಾತ್ರಿಯನ್ನು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಜನ ‘ಕತ್ತಲ ರಾತ್ರಿ’ ಎಂದು ಕರೆಯುತ್ತಾರೆ. ಅರಬಿಯ ‘ಕತ್ಲ್’ ಎಂದರೆ ಕೊಲೆ. ಹುತಾತ್ಮರ ನೆನಪಿನ ಆ ರಾತ್ರಿಯ ಹೆಸರು ಕನ್ನಡದ ಕಿವಿಗೆ ಕತ್ತಲೆಯಾಗಿ ಕೇಳಿಸಿತು. ಈ ಒಂದು ಪದದಲ್ಲಿಯೇ ನಮ್ಮ ನಾಡಿನ ಇತಿಹಾಸ ಅಡಗಿದೆ.

ಹಜರತ್ ಇಮಾಮ್ ಹುಸೇನರು ಕರ್ಬಲಾದಲ್ಲಿ ಹುತಾತ್ಮರಾದದ್ದು ಹಿಜರಿ 61ರ ಮೊಹರಂ 10ರಂದು, ಅಂದರೆ ಕ್ರಿ.ಶ. 680ರ ಅಕ್ಟೋಬರ್ 10ರಂದು. ಹಿಜರಿ ವರ್ಷ ಚಂದ್ರಮಾನವಾದ್ದರಿಂದ ಈ ದಿನ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2016ರಲ್ಲಿ ಅಕ್ಟೋಬರಿನಲ್ಲಿ ಬಂದದ್ದು 2025ರಲ್ಲಿ ಜುಲೈಗೆ ಬಂದಿತು.

ಬಿಜಾಪುರದ ಆದಿಲಶಾಹಿ ಅರಸರಲ್ಲಿ ಮೊದಲನೆಯವನಾದ ಯೂಸುಫ್ ಆದಿಲಶಾಹನು ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದನು. ಒಂದನೆಯ ಇಬ್ರಾಹಿಮನು (1534-1558) ಸುನ್ನಿ ಪಂಥಕ್ಕೆ ಮರಳಿದನು. ಒಂದನೆಯ ಅಲಿಯು (1558-1580) ಮತ್ತೆ ಶಿಯಾ ಪಂಥವನ್ನು ಎತ್ತಿಹಿಡಿದನು. ಅರಮನೆಯ ಪಂಥ ಹೀಗೆ ಬದಲಾಯಿತು. 1686ರಲ್ಲಿ ಔರಂಗಜೇಬನ ಮುತ್ತಿಗೆಯಿಂದ ರಾಜ್ಯವೇ ಅಳಿಯಿತು. ಆದರೆ ಕರ್ಬಲಾದ ಕಥೆ ಹಳ್ಳಿಗಳಲ್ಲಿ ಉಳಿಯಿತು.

ಹೇಗೆ ಉಳಿಯಿತು? ಚಂದ್ರದರ್ಶನವಾದ ಮೇಲೆ ಮಸೂತಿಯ ಮುಂದೆ ಗುದ್ದಲಿ ಹಾಕಿ ಅಲಾಯಿ ಕುಣಿ ತೆಗೆಯುತ್ತಾರೆ. ಪಂಜಾಗಳನ್ನು ಕೂಡಿಸುತ್ತಾರೆ. ಹರಕೆ ಹೊತ್ತವರು ಫಕೀರರಾಗುತ್ತಾರೆ, ಕೆಲವರು ಹುಲಿವೇಷ ಹಾಕುತ್ತಾರೆ. ಮನೆಗಳಲ್ಲಿ ಚೊಂಗೆ, ಮಾಲ್ದಿ ಮಾಡಿ, ಸಕ್ಕರಿ ಓದಿಸುತ್ತಾರೆ. ಕತ್ತಲ ರಾತ್ರಿ ಕುಣಿಯಲ್ಲಿ ಬೆಂಕಿ ಉರಿಯುವಾಗ ಹಲಗೆಯ ಬಡಿತಕ್ಕೆ ಯುವಕರು ಸುತ್ತಲೂ ಹೆಜ್ಜೆ ಹಾಕುತ್ತಾರೆ. ಹಾಡುಗಾರರು ರಿವಾಯತ ಪದ ಎತ್ತುತ್ತಾರೆ. ‘ರಿವಾಯತ್’ ಎಂಬುದು ಅರಬಿ ಮಾತು, ನಿರೂಪಣೆ ಎಂದರ್ಥ. ಆದರೆ ಹಾಡು ಅಚ್ಚ ಕನ್ನಡ. ಸಕೀನಾಳ ನೀರಡಿಕೆ, ನೀರು ತರಲು ಹೋದ ಅಬ್ಬಾಸರ ಬಲಿದಾನ, ಕಾಸಿಮನ ಮದುವೆ ಇವೆಲ್ಲ ನಮ್ಮೂರಿನ ಮನೆಯ ದುಃಖವೆಂಬಂತೆ ಬರುತ್ತವೆ. ಈ ಮೇಳಗಳಲ್ಲಿ ಹಿಂದೂ ಬಾಂಧವರೂ ಹಾಡುತ್ತಾರೆ. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲಿಯೂ ಪಂಜಾ ಕೂಡಿಸುವುದುಂಟು.

ಎಷ್ಟೋ ಪದಗಳಲ್ಲಿ ಹಸನ್-ಹುಸೇನರು ಒಂದೇ ರಣರಂಗದಲ್ಲಿರುತ್ತಾರೆ. ಇಮಾಮ್ ಹಸನರು ಕರ್ಬಲಾಕ್ಕೆ ಸುಮಾರು ಹತ್ತು ವರ್ಷ ಮೊದಲೇ ಮದೀನಾದಲ್ಲಿ ತೀರಿಕೊಂಡಿದ್ದರು. ಆದ್ದರಿಂದ ಹಾಡನ್ನು ಚರಿತ್ರೆಯೆಂದು ಓದಬಾರದು. ಜನರು ಆ ಚರಿತ್ರೆಯನ್ನು ಹೇಗೆ ಎದೆಗಿಳಿಸಿಕೊಂಡರೆಂಬುದಕ್ಕೆ ಸಾಕ್ಷಿಯಾಗಿ ಓದಬೇಕು. ಇಲ್ಲಿ ಇನ್ನೊಂದು ಮಾತನ್ನೂ ಮರೆಮಾಚಬಾರದು. ಬೆಂಕಿ, ವೇಷ, ಪಂಜಾಗಳಿಗೆ ಹರಕೆ ಇವು ದೀನಿನ ಭಾಗವಲ್ಲ, ಆಶೂರಾದ ರೋಜಾ ಹಾಗೂ ದಾನವೇ ಸುನ್ನತ್ ಎಂದು ಅನೇಕ ಉಲಮಾಗಳು ಹೇಳುತ್ತಾರೆ. ಆಚರಿಸುವುದು, ಬಿಡುವುದು ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ಆಚರಣೆ ಬಿಟ್ಟವರೂ ಹಾಡನ್ನು ಬರೆದಿಡಬಹುದಲ್ಲವೇ?

ದೂರದ ಐರ್ಲೆಂಡಿನ ಉದಾಹರಣೆ ನೋಡಿ. ಅಲ್ಲಿ ಅಕ್ಟೋಬರ್ 31ರ ರಾತ್ರಿ ಬೆಂಕಿ ಹಾಕಿ, ಮುಖವಾಡ ತೊಟ್ಟು ಮನೆಮನೆಗೆ ಹೋಗುವ ಪದ್ಧತಿಯಿತ್ತು. ರೊಟ್ಟಿಯಲ್ಲಿ ಉಂಗುರ ಬಚ್ಚಿಟ್ಟು ಯಾರ ಮದುವೆ ಮೊದಲೆಂದು ಆಡುತ್ತಿದ್ದರು. ಅಲ್ಲಿಂದ ವಲಸೆ ಹೋದವರೊಡನೆ ಅಮೆರಿಕಕ್ಕೂ ಹೋದ ಈ ಹಬ್ಬವೇ ಹ್ಯಾಲೋವೀನ್. 1937ರಿಂದ 1939ರವರೆಗೆ ಸುಮಾರು 5,000 ಶಾಲೆಗಳ 50,000ದಷ್ಟು ಮಕ್ಕಳು ಊರಿನ ಹಿರಿಯರನ್ನು ಕೇಳಿ ಇಂಥ ಆಚರಣೆಗಳನ್ನು ಬರೆದುಕೊಂಡರು. ಆ ಬರಹ ಇಂದು ಆ ದೇಶದ ಆಸ್ತಿ.

ನಮಗೂ ಇಂಥ ಪರಂಪರೆಯಿದೆ. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ ಮೊದಲಾದ ಗೆಳೆಯರು ಜನಪದ ಹಾಡು ಸಂಗ್ರಹಿಸಿದರು. ಅವರ ಬಳಗದ ‘ಗರತಿಯ ಹಾಡು’ 1931ರಷ್ಟು ಹಿಂದೆಯೇ ಪ್ರಕಟವಾಯಿತು. ಬೀಸುವ ಕಲ್ಲಿನ ಮುಂದಿನ ಹಾಡುಗಳು ಅದರಿಂದ ಉಳಿದವು.

ವಿದ್ಯಾರ್ಥಿಗಳೇ, ನಿಮ್ಮ ಊರಿನಲ್ಲಿ ರಿವಾಯತ ಪದ ಬಲ್ಲ ಹಿರಿಯರ ಬಳಿ ಈ ರಜೆಯಲ್ಲಿ ಹೋಗಿ ಕುಳಿತುಕೊಳ್ಳಿ. ಹಾಡಿದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ. ಹಾಡಿದವರ ಹೆಸರು, ಊರು, ಕಲಿಸಿದ ಗುರು ಯಾರೆಂಬುದನ್ನೂ ಕೇಳಿ ಬರೆಯಿರಿ. ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದಿಡಿ. ಹಿರಿಯರು ಕಣ್ಮುಚ್ಚಿದರೆ ಅವರೊಂದಿಗೆ ಹಾಡೂ ಮಣ್ಣಾಗುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಅಕ್ಷರ ಕಲಿತ ನಮ್ಮೆಲ್ಲರ ಹೊಣೆ.